ಅಜ್ಜಿಗೆ ಕೇಳಿಸುವ ಗಂಟೆ: ಒಂದು ಸ್ಪೀಕರಿನ ಹುಡುಕಾಟ

ವಿಜ್ಞಾನ ಪ್ರದರ್ಶನಕ್ಕೆ ಇನ್ನೂ ಮೂರು ವಾರ ಇತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಶಾಲೆ ಬಿಟ್ಟ ಮೇಲೆ ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ರಟ್ಟಿನ ಡಬ್ಬಿ. ಡಬ್ಬಿಯಿಂದ ಎರಡು ತಂತಿ ಹೊರಗೆ ಜೋತಾಡುತ್ತಿದ್ದವು. ಮೇಜಿನ ಮೇಲಿದ್ದ ನನ್ನ ನೀರಿನ ಲೋಟದಲ್ಲಿ ಆ ತಂತಿಗಳನ್ನು ಅದ್ದಿದ. ಡಬ್ಬಿ 'ಕೀಂ' ಎಂದು ಕೂಗಿತು. "ಶಭಾಷ್" ಎಂದೆ. ಹುಡುಗನ ಮುಖ ಮಾತ್ರ ಅರಳಲಿಲ್ಲ.

"ಸರ, ಮಷೀನು ಬರೋಬರಿ ಐತ್ರಿ. ಆದ್ರ ನಮ್ಮ ಆಯಿಗೆ ಕೇಳಸೂದಿಲ್ರಿ" ಎಂದ.

ಆಯಿ ಎಂದರೆ ಅವನ ಅಜ್ಜಿ. ಊರು ಕಾಗವಾಡ ತಾಲ್ಲೂಕಿನ ಕೃಷ್ಣಾ ದಂಡೆಯದು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ರಾತ್ರಿ ಹೊತ್ತು ಅವರ ದನದ ಕೊಟ್ಟಿಗೆಗೆ ನೀರು ಬಂದಿತ್ತು. ಪಕ್ಕದ ಮನೆಯವರು ಬಾಗಿಲು ಬಡಿದ ಮೇಲೆಯೇ ಇವರಿಗೆ ಎಚ್ಚರ. ಕತ್ತಲಲ್ಲಿ ಎಮ್ಮೆಯ ಕಣ್ಣಿ ಬಿಚ್ಚಿದವರು ಈ ಅಜ್ಜಿ. ಅಂದಿನಿಂದ ಮಳೆಗಾಲ ಬಂತೆಂದರೆ ಅವರು ಕೊಟ್ಟಿಗೆಗೆ ಹತ್ತಿದ ಪಡಸಾಲೆಯಲ್ಲೇ ಮಲಗುತ್ತಾರಂತೆ. ಮೊಮ್ಮಗ ಪ್ರದರ್ಶನಕ್ಕೆಂದು ಮಾಡಿದ ಯಂತ್ರ ನಿಜವಾಗಿ ಯಾರಿಗೆಂದು ನನಗೆ ಆಗ ತಿಳಿಯಿತು.

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಶ್ಚಿಮ ಘಟ್ಟದಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಸಾಕು, ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ಕಲ್ಲೋಳ–ಯಡೂರ ಸೇತುವೆ ಮುಳುಗಿತು, ಕುಡಚಿ–ಉಗಾರ ರಸ್ತೆ ಬಂದಾಯಿತು ಎಂಬ ಸುದ್ದಿ ಮಳೆಗಾಲದ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಸುಮಾರು 105 ಟಿಎಂಸಿ ನೀರು ಹಿಡಿಯುವ ಕೊಯ್ನಾ ಅಣೆಕಟ್ಟೆಯ ಬಾಗಿಲು ತೆರೆದರೆ ನಮ್ಮೂರಲ್ಲಿ ಹೊಟ್ಟೆಯೊಳಗೆ ಕಳವಳ. 2019ರಲ್ಲಿ ಕಂಡದ್ದನ್ನು 2021ರ ಜುಲೈನಲ್ಲಿ ಮತ್ತೆ ಕಂಡೆವು.

ಆದ್ದರಿಂದ ಹುಡುಗನ ಪ್ರಶ್ನೆ ಅಂಕದ ಪ್ರಶ್ನೆಯಾಗಿರಲಿಲ್ಲ. ಯಂತ್ರ ಕೂಗುತ್ತದೆ, ಅಜ್ಜಿಗೆ ಏಕೆ ಕೇಳುವುದಿಲ್ಲ?

ಎಳೆಯ ಕಿವಿ, ಮಾಗಿದ ಕಿವಿ

ಅವನ ಡಬ್ಬಿಯಲ್ಲಿದ್ದದ್ದು ನಾಣ್ಯದಷ್ಟು ಅಗಲದ ಪುಟ್ಟ ಬಜರ್. ಇಂಥವು ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಸಾವಿರದಿಂದ ನಾಲ್ಕು ಸಾವಿರ ಕಂಪನಗಳ, ಅಂದರೆ 2000ದಿಂದ 4000 ಹರ್ಟ್ಸ್‌ನ ಕೀರಲು ದನಿ ಹೊರಡಿಸುತ್ತವೆ. ಮಕ್ಕಳ ಕಿವಿಗೆ ಅದು ಸೂಜಿ ಚುಚ್ಚಿದಂತೆ ಕೇಳುತ್ತದೆ. ಆದರೆ ಮನುಷ್ಯನಿಗೆ ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೇ ಈ ಎತ್ತರದ ದನಿಗಳನ್ನು. ಒಳಕಿವಿಯಲ್ಲಿ ಶಬ್ದವನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ಒಮ್ಮೆ ಹಾಳಾದರೆ ಅವು ಮತ್ತೆ ಹುಟ್ಟುವುದಿಲ್ಲ. ಎತ್ತರದ ದನಿ ಹಿಡಿಯುವ ಕೋಶಗಳು ಮೊದಲು ಸೋಲುತ್ತವೆ.

ಇದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಬೇಕಾದ ಆವೃತ್ತಿಯ ದನಿ ಹೊರಡಿಸುವ ಆ್ಯಪ್‌ಗಳು ಮೊಬೈಲಿನಲ್ಲಿ ಸಿಗುತ್ತವೆ. ನಾನು ತರಗತಿಯಲ್ಲಿ ಸಣ್ಣ ದನಿಯಿಂದ ಆರಂಭಿಸಿ ಏರಿಸುತ್ತಾ ಹೋಗುತ್ತೇನೆ. 14,000 ಹರ್ಟ್ಸ್ ಮುಟ್ಟಿದಾಗ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ನಗುತ್ತಾರೆ. ಐವತ್ತು ದಾಟಿದ ಮಾಸ್ತರನಾದ ನನಗೆ ಏನೂ ಕೇಳುವುದಿಲ್ಲ! ಪಾಠ ಅವರಿಗಷ್ಟೇ ಅಲ್ಲ, ನನಗೂ ಆಗುತ್ತದೆ.

ಬೆಂಕಿ ಎಚ್ಚರಿಕೆಯ ಗಂಟೆ ಮಾಡುವವರೂ ಇದೇ ತೊಡಕನ್ನು ಎದುರಿಸಿದ್ದರು. ಸುಮಾರು 3100 ಹರ್ಟ್ಸ್‌ನ ಕೀರಲು ದನಿಗಿಂತ 520 ಹರ್ಟ್ಸ್‌ನ ಚೌಕ ಅಲೆಯ ದನಿ, ಮಲಗಿದ ವೃದ್ಧರನ್ನೂ ಕಿವಿ ಮಂದವಾದವರನ್ನೂ ಮಕ್ಕಳನ್ನೂ ಚೆನ್ನಾಗಿ ಎಬ್ಬಿಸುತ್ತದೆಂದು ಪ್ರಯೋಗಗಳಿಂದ ಗೊತ್ತಾಯಿತು. ಮುಂದೆ ಅಮೆರಿಕದ ಅಗ್ನಿ ಎಚ್ಚರಿಕೆ ನಿಯಮಾವಳಿಯಲ್ಲೇ ಮಲಗುವ ಕೋಣೆಗಳಿಗೆ ಈ ತಗ್ಗಿನ ದನಿ ಸೇರಿತು. ತಗಡಿನ ಮಾಡಿನ ಮೇಲೆ ಮಳೆ ಸುರಿಯುವ ಮನೆಯಲ್ಲಿ ಮಲಗಿದ ನಮ್ಮ ಅಜ್ಜಿಗೂ ಬೇಕಾದದ್ದು ಇದೇ.

ಆದರೆ ಪುಟ್ಟ ಬಜರ್ 520 ಹರ್ಟ್ಸ್‌ನಲ್ಲಿ ಗಟ್ಟಿಯಾಗಿ ಕೂಗಲಾರದು. ತಗ್ಗಿನ ದನಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಅದಕ್ಕೆ ಮೂರ್ನಾಲ್ಕು ಇಂಚಿನ ಸ್ಪೀಕರ್ ಬೇಕು. "ಸ್ಪೀಕರ್ ತಗೊಂಡು ಬಾ, ಉಳಿದದ್ದು ನೋಡೋಣ" ಎಂದೆ. ಸುಲಭದ ಕೆಲಸ ಎಂದುಕೊಂಡಿದ್ದೆ.

ಅಂಗಡಿ ತುಂಬ ಸ್ಪೀಕರ್, ಬಿಡಿ ಸ್ಪೀಕರ್ ಇಲ್ಲ

ನಾಲ್ಕು ದಿನದ ಮೇಲೆ ಹುಡುಗ ಬರಿಗೈಲಿ ಬಂದ. ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಬ್ಲೂಟೂತ್ ಸ್ಪೀಕರ್ ತೋರಿಸಿದರಂತೆ. ಮತ್ತೊಂದು ಅಂಗಡಿಯಲ್ಲಿ ಟ್ರ್ಯಾಕ್ಟರಿಗೆ ಕೂಡಿಸುವ ತಾಟಿನಷ್ಟು ದೊಡ್ಡ ಸ್ಪೀಕರ್ ತೋರಿಸಿದರಂತೆ. ಅಣ್ಣನ ಮೊಬೈಲಿನಲ್ಲಿ ಆನ್‌ಲೈನ್ ಆರ್ಡರ್ ಮಾಡಲು ಹೋದರೆ ಸಾಮಾನಿಗಿಂತ ಸಾಗಣೆಯ ದುಡ್ಡೇ ಹೆಚ್ಚು. ಹಾಗೊಮ್ಮೆ ನಾನೇ ತರಿಸಿದ್ದ ಸ್ಪೀಕರ್ ಬಂದಾಗ ಉಗುರಿನಷ್ಟಿತ್ತು. ಚಿತ್ರದಲ್ಲಿ ಅಂಗೈಯಷ್ಟು ಕಂಡಿತ್ತು. ಅಳತೆ ಓದದೆ ಕೊಂಡದ್ದು ನನ್ನದೇ ತಪ್ಪು.

ಇಲ್ಲಿ ಹುಡುಗನದೂ ಒಂದು ತಪ್ಪಿತ್ತು. ಅವನು 'ಸಣ್ಣ ಸ್ಪೀಕರ್ ಐತೇನ್ರಿ' ಎಂದಷ್ಟೇ ಕೇಳುತ್ತಿದ್ದ. ಅಂಗಡಿಯವನಿಗೆ ಅದರಿಂದ ಏನೂ ತಿಳಿಯದು. ಬಿಡಿಭಾಗ ಹುಡುಕಲು ಹೊರಡುವ ಮೊದಲು ಮೂರು ಅಳತೆ ಬಾಯಲ್ಲಿರಬೇಕು: ಎಷ್ಟು ಇಂಚು, ಎಷ್ಟು ಓಮ್, ಎಷ್ಟು ವಾಟ್.

ಸ್ಪೀಕರಿನ ಒಡಲು ಸರಳವಾದದ್ದು. ಹಿಂದೆ ಉಂಗುರದಂಥ ಗಟ್ಟಿ ಅಯಸ್ಕಾಂತ. ಅದರ ಸಂದಿಯಲ್ಲಿ ತೂಗುವ ತೆಳು ತಂತಿಯ ಸುರುಳಿ. ಸುರುಳಿಗೆ ಅಂಟಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅಯಸ್ಕಾಂತ ಅದನ್ನು ಮುಂದಕ್ಕೋ ಹಿಂದಕ್ಕೋ ನೂಕುತ್ತದೆ. ಪಠ್ಯದಲ್ಲಿ ಓದುವ ಫ್ಲೆಮಿಂಗನ ಎಡಗೈ ನಿಯಮ ಇದೇ. ಸುರುಳಿಯ ಜೊತೆ ಕಾಗದ ಅಲುಗುತ್ತದೆ, ಕಾಗದದ ಜೊತೆ ಗಾಳಿ. ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಅಮೆರಿಕದ ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿಗೂ ಮೂಲದಲ್ಲಿ ಬದಲಾಗದೆ ನಡೆದಿದೆ.

ಇಂಚು ಎಂದರೆ ಶಂಕುವಿನ ಅಗಲ. ಓಮ್ ಎಂದರೆ ಸುರುಳಿ ಒಡ್ಡುವ ತಡೆ. ರೇಡಿಯೊ, ಟಿ.ವಿ.ಗಳಲ್ಲಿ ಹೆಚ್ಚಾಗಿ 8 ಓಮ್, ಕಾರು ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ 4 ಓಮ್. 8 ಓಮ್ ಬೇಕಾದ ಕಡೆ 4 ಓಮ್ ಹಾಕಿದರೆ ಕರೆಂಟು ಇಮ್ಮಡಿಯಾಗಿ ಐ.ಸಿ. ಬಿಸಿಯಾಗಿ ಸುಟ್ಟೀತು. ಎರಡು 4 ಓಮ್ ಸ್ಪೀಕರುಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ ಎಂಬುದನ್ನೂ ನೆನಪಿಡಿ. ವಾಟ್ ಎಂದು ಬೆನ್ನ ಮೇಲೆ ಬರೆದಿರುವುದು ಸ್ಪೀಕರು ಕೊಡುವ ದನಿಯಲ್ಲ, ಅದು ತಾಳಿಕೊಳ್ಳಬಲ್ಲ ಶಕ್ತಿ. ಅರ್ಧ ವಾಟಿನ ಕೆಲಸಕ್ಕೆ 3 ವಾಟಿನ ಸ್ಪೀಕರು ಹಾಕಿದರೆ ಕೆಡುಕಿಲ್ಲ. ತಿರುಗುಮುರುಗಾದರೆ ಕೆಡುಕು.

ಭಂಗಾರವೇ ಬಂಗಾರ

ಈಗ ಎಲ್ಲಿ ಹುಡುಕಬೇಕೆಂಬ ಮಾತಿಗೆ ಬರೋಣ. ದೊಡ್ಡ ಊರಿನವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಇದೆ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಕ್ಕಳಿಗೆ ಅವೆರಡೂ ದೂರ. ಆದರೆ ನಾವು ಗಡಿಯಲ್ಲಿ ಇರುವವರು. ನಮಗೆ ಎರಡೂ ಕಡೆಯ ಪೇಟೆಗಳಿವೆ. ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರ ಹತ್ತಿರ. ಕಾಗವಾಡ, ಅಥಣಿಯವರಿಗೆ ಮಿರಜ, ಸಾಂಗಲಿ. ರಾಯಬಾಗ, ಕುಡಚಿ, ಉಗಾರ, ಶೇಡಬಾಳದಲ್ಲಿ ರೈಲು ಹತ್ತಿದರೆ ಒಂದು ದಿಕ್ಕಿಗೆ ಮಿರಜ, ಇನ್ನೊಂದು ದಿಕ್ಕಿಗೆ ಬೆಳಗಾವಿ. ಮನೆಯವರು ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗುವಾಗ ಒಂದು ಚೀಟಿ ಬರೆದು ಕೊಟ್ಟರೆ ಐ.ಸಿ., ರೆಸಿಸ್ಟರುಗಳು ಬಂದಾವು. ಒಬ್ಬನಿಗಾಗಿ ತರುವ ಬದಲು ಹತ್ತು ಮಕ್ಕಳ ಚೀಟಿ ಕೂಡಿಸಿ ತಂದರೆ ಬಸ್ ಚಾರ್ಜಿನ ಭಾರವೂ ಹಂಚಿಹೋಗುತ್ತದೆ.

ಆದರೆ ಅದಕ್ಕೂ ಮೊದಲು ನಿಮ್ಮೂರಲ್ಲೇ ಹುಡುಕಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲೆಕ್ಟ್ರಾನಿಕ್ಸ್‌ಗೂ ಸಲ್ಲುತ್ತದೆ.

ಮೊದಲನೆಯದು, ಹಳೆಯ ರೇಡಿಯೊ–ಟಿ.ವಿ. ರಿಪೇರಿ ಅಂಗಡಿ. ದಪ್ಪ ಟಿ.ವಿ.ಗಳ ಕಾಲ ಮುಗಿದಿದ್ದರೂ ಅವುಗಳ ಸ್ಪೀಕರುಗಳು ಅಟ್ಟದ ಮೇಲೆ ಉಳಿದಿರುತ್ತವೆ.

ಎರಡನೆಯದು, ಟ್ರ್ಯಾಕ್ಟರ್ ಮತ್ತು ಕಾರುಗಳಿಗೆ ಟೇಪು ಕೂಡಿಸುವವರು. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಹಾಡು ಎಷ್ಟು ದೂರ ಕೇಳುತ್ತದೆಂದು ನಿಮಗೆ ಗೊತ್ತು. ದೊಡ್ಡದು ಕೂಡಿಸಿದಾಗ ತೆಗೆದಿಟ್ಟ ಸಣ್ಣ ಸ್ಪೀಕರುಗಳು ಇವರಲ್ಲಿ ಮೂಲೆ ಸೇರಿರುತ್ತವೆ.

ಮೂರನೆಯದು, ಮೋಟಾರು ಸುತ್ತುವವರು ಮತ್ತು ಸ್ಟೆಬಿಲೈಸರ್ ರಿಪೇರಿಯವರು. ತಾಮ್ರದ ತಂತಿಯ ತುಂಡು, ರಿಲೇ, ಡಯೋಡು, ಸ್ವಿಚ್ಚು ಇವರಲ್ಲಿ ಸಿಗುತ್ತವೆ.

ನಾಲ್ಕನೆಯದು, ಗುಜರಿ ಅಂಗಡಿ. ಗಡಿಭಾಗದಲ್ಲಿ ಮರಾಠಿಯ ಪ್ರಭಾವದಿಂದ ನಾವು ಇದನ್ನು ಭಂಗಾರ ಎನ್ನುತ್ತೇವೆ. ಬೇರೆ ಊರಿನಿಂದ ಬಂದವರು ಬಂಗಾರವೆಂದು ತಿಳಿದು ನಗುವುದುಂಟು. ಹುಡುಕುವ ಕಣ್ಣಿದ್ದರೆ ಅದು ಬಂಗಾರವೇ ಸರಿ. ಕಂಪ್ಯೂಟರಿನ ಜೊತೆ ಬರುತ್ತಿದ್ದ ಸಣ್ಣ ಡಬ್ಬಿ ಸ್ಪೀಕರುಗಳು, ಮಾತಾಡುವ ಆಟಿಕೆಗಳು, ಸತ್ತ ರೇಡಿಯೊಗಳು ಕೆ.ಜಿ. ಲೆಕ್ಕದಲ್ಲಿ ಬಿದ್ದಿರುತ್ತವೆ.

ಇನ್ನು ಐ.ಟಿ.ಐ. ಇದೆಯಲ್ಲ! ಎಲೆಕ್ಟ್ರಾನಿಕ್ಸ್ ವಿಭಾಗವಿರುವ ಕಡೆ ಅಲ್ಲಿನ ಬೋಧಕರನ್ನು ವಿನಯದಿಂದ ಕೇಳಿದರೆ ಸಾಮಾನು ಸಿಗದಿದ್ದರೂ ಸಲಹೆಯಂತೂ ಸಿಗುತ್ತದೆ.

ಸೆಲ್ಲಿನ ಪರೀಕ್ಷೆ

ಒಂದು ಶನಿವಾರ ಮಧ್ಯಾಹ್ನ ನಾನು, ಹುಡುಗ, ಅವನ ತಂದೆ ಮೂವರೂ ಅಥಣಿಗೆ ಹೋದೆವು. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರ ಅಂಗಡಿ ಇತ್ತು. ಈಗ ಅವರು ಹೆಚ್ಚಾಗಿ ಮಿಕ್ಸರು, ಫ್ಯಾನು ರಿಪೇರಿ ಮಾಡುತ್ತಾರೆ. "ಮೂರು ಇಲ್ಲಾ ನಾಲ್ಕು ಇಂಚು, ಎಂಟು ಓಮ್, ಎರಡು ವಾಟಿನ ಮ್ಯಾಲಿಂದು ಬೇಕ್ರಿ" ಎಂದು ಹುಡುಗ ಒಂದೇ ಉಸಿರಿನಲ್ಲಿ ಹೇಳಿದ. ಅವರು ಕನ್ನಡಕ ಮೇಲೇರಿಸಿ ಅವನನ್ನೇ ನೋಡಿದರು.

"ಹಿಂಗ ಕೇಳಿ ಬಂದ ಹುಡುಗ ಬಾಳ ವರ್ಷಾತು ಸರ" ಎಂದು ನನಗೆ ಹೇಳಿ ಅಟ್ಟ ಹತ್ತಿದರು. ಧೂಳು ತುಂಬಿದ ಚೀಲ ಇಳಿಸಿದರು. ಒಳಗೆ ಏಳು ಸ್ಪೀಕರು.

ಆ ಮೇಲೆ ಅವರು ಮಾಡಿದ್ದು ನನ್ನ ಪಾಠಕ್ಕಿಂತ ಒಳ್ಳೆಯ ಪಾಠ. ಒಂದೂವರೆ ವೋಲ್ಟಿನ ಸೆಲ್ಲಿನ ಎರಡು ತುದಿಗೆ ತಂತಿ ಹಿಡಿದು ಸ್ಪೀಕರಿನ ಕಡ್ಡಿಗಳಿಗೆ ಕ್ಷಣ ಮಾತ್ರ ತಾಗಿಸಿದರು. 'ಟಕ್' ಎಂದರೆ ಜೀವವಿದೆ. ಸದ್ದೇ ಇಲ್ಲದಿದ್ದರೆ ಸುರುಳಿ ಹರಿದಿದೆ. ಕಾಗದ ಹೊರಕ್ಕೆ ಜಿಗಿದರೆ ಸೆಲ್ಲಿನ ಧನ ತುದಿ ತಾಗಿದ ಕಡ್ಡಿಯೇ ಧನ. ಒಳಕ್ಕೆ ಹೋದರೆ ತಿರುಗುಮುರುಗು. ಎರಡು ಸ್ಪೀಕರು ಜೋಡಿಸುವಾಗ ಇದು ಬಹಳ ಮುಖ್ಯ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ದನಿ ಕುಗ್ಗುತ್ತದೆ. ಸೆಲ್ಲನ್ನು ಹಿಡಿದೇ ಇರಬಾರದು, ಸುರುಳಿ ಬಿಸಿಯಾಗುತ್ತದೆ.

ಎರಡನೆಯ ಪರೀಕ್ಷೆ ಬೆರಳಿನದು. ಎರಡೂ ಕೈಯ ಬೆರಳುಗಳಿಂದ ಕಾಗದವನ್ನು ಸಮನಾಗಿ, ಹಗುರವಾಗಿ ಒತ್ತಿ ಬಿಡಬೇಕು. ಕರಕರ ಎಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ. ಅಂಥದು ದಂಡ. ನೆರೆಯಲ್ಲಿ ನೆನೆದ ಸ್ಪೀಕರುಗಳು ಹೆಚ್ಚಾಗಿ ಹೀಗೆಯೇ ಕೆಟ್ಟಿರುತ್ತವೆ. ಕಾಗದ ಸೊಟ್ಟಗಾಗಿರುತ್ತದೆ, ಸಂದಿಯಲ್ಲಿ ತುಕ್ಕು ಕೂತಿರುತ್ತದೆ. ಕಾಗದ ಸ್ವಲ್ಪ ಹರಿದಿದ್ದರೆ ಮಾತ್ರ ಚಿಂತೆಯಿಲ್ಲ. ತೆಳು ಟಿಶ್ಯೂ ಕಾಗದದ ಪಟ್ಟಿಗೆ ಅಂಟು ಸವರಿ ಹಚ್ಚಿ ಒಣಗಿಸಿದರೆ ಸಾಕು.

ಮೂರನೆಯದು ಮಲ್ಟಿಮೀಟರ್. 8 ಓಮ್ ಸ್ಪೀಕರು ಅದರಲ್ಲಿ 6 ಅಥವಾ 7 ಓಮ್ ತೋರಿಸಿದಾಗ ಹುಡುಗ ಗಾಬರಿಯಾದ. ತಪ್ಪೇನಿಲ್ಲ. ಮೀಟರು ಅಳೆಯುವುದು ತಂತಿಯ ಬರಿಯ ರೋಧವನ್ನು. 8 ಎಂಬುದು ಅಲೆಯಾಗಿ ಹರಿಯುವ ವಿದ್ಯುತ್ತಿಗೆ ಸ್ಪೀಕರು ಒಡ್ಡುವ ಒಟ್ಟು ತಡೆ.

ಏಳರಲ್ಲಿ ಮೂರು ಪಾಸಾದವು. ಹಳೆಯ ಟಿ.ವಿ.ಯ ನಾಲ್ಕಿಂಚಿನದೊಂದನ್ನು ಹುಡುಗನ ಕೈಗಿಟ್ಟರು. ರೊಕ್ಕ ಎಷ್ಟೆಂದು ಅವನ ತಂದೆ ಕೇಳಿದಾಗ, "ಗಂಟಿ ಕೂಗಿದ ಮ್ಯಾಲೆ ಬಂದು ಹೇಳ್ರಿ, ಅಷ್ಟ ಸಾಕು" ಎಂದರು.

ಇವು ಆಟದ ಸಾಮಾನಲ್ಲ

ಪಾಲಕರು ಈ ಭಾಗವನ್ನು ತಪ್ಪದೆ ಓದಬೇಕು. ಹಳೆಯ ದಪ್ಪ ಟಿ.ವಿ.ಯನ್ನು ಮಕ್ಕಳು ಎಂದೂ ಬಿಚ್ಚಬಾರದು. ಅದರ ಚಿತ್ರನಳಿಕೆಯ ಮೇಲೆ ಸಾವಿರಾರು ವೋಲ್ಟಿನ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ನಳಿಕೆ ಒಡೆದರೆ ಗಾಜು ಸಿಡಿಯುತ್ತದೆ. ಮೈಕ್ರೊವೇವ್ ಒಲೆಯೂ ಹಾಗೆಯೇ ಪ್ರಾಣಕ್ಕೆ ಎರವು. ಸ್ಪೀಕರು ಬೇಕಾದರೆ ಮೆಕ್ಯಾನಿಕ್ ತೆಗೆದುಕೊಡಲಿ.

ಸತ್ತ ಮೊಬೈಲ್ ಮತ್ತು ಬ್ಲೂಟೂತ್ ಡಬ್ಬಿಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಉಬ್ಬಿದ ಬ್ಯಾಟರಿಯನ್ನು ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಮಕ್ಕಳ ಪ್ರಯೋಗಗಳೆಲ್ಲ ಸಾಧಾರಣ ಸೆಲ್ಲುಗಳಲ್ಲೇ ನಡೆಯಲಿ, ಮನೆಯ ಕರೆಂಟಿನ ಪ್ಲಗ್ಗಿಗೆ ಹೋಗುವುದು ಬೇಡ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ದೊಡ್ಡವರು ಪಕ್ಕದಲ್ಲಿರಲಿ. ಬೆಸುಗೆ ತಂತಿಯಲ್ಲಿ ಸೀಸ ಇರುವುದರಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಮಿರಜಿನ ಬುರುಡೆ ಹೇಳುವ ಪಾಠ

ಸ್ಪೀಕರು ಬಂತು, ಜೋಡಿಸಿದೆವು. ದನಿ ಬಂದರೂ ಸಪ್ಪಗಿತ್ತು. ಹುಡುಗನಿಗೆ ನಿರಾಸೆ. ದೊಡ್ಡ ಐ.ಸಿ. ಬೇಕೇನ್ರಿ ಎಂದ. ಬೇಡ, ಮನೆ ಬೇಕು ಎಂದೆ. ಸ್ಪೀಕರಿಗೆ ಒಂದು ಮನೆ.

ಕಾಗದದ ಶಂಕು ಮುಂದೆ ಗಾಳಿಯನ್ನು ಒತ್ತುವಾಗಲೇ ಹಿಂದೆ ಗಾಳಿ ತೆಳುವಾಗುತ್ತದೆ. ಬರಿಯ ಸ್ಪೀಕರಿನಲ್ಲಿ ಈ ಎರಡೂ ಅಂಚನ್ನು ಬಳಸಿಕೊಂಡು ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. 520 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 66 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ನಾಲ್ಕಿಂಚಿನ ಸ್ಪೀಕರನ್ನು ಸುತ್ತಿ ಬರುವುದು ಏನೂ ಕಷ್ಟವಲ್ಲ. ಹಿಂಬದಿಯನ್ನು ಡಬ್ಬಿಯಲ್ಲಿ ಮುಚ್ಚಿದರೆ ಮುಂಬದಿಯ ದನಿ ಉಳಿಯುತ್ತದೆ.

ಶಬ್ದಕ್ಕೆ ಒಡಲು ಬೇಕೆಂಬುದನ್ನು ನಮ್ಮ ನೆರೆಯ ಮಿರಜಿನ ಕುಶಲಕರ್ಮಿಗಳು ಹತ್ತೊಂಬತ್ತನೇ ಶತಮಾನದಿಂದ ತೋರಿಸುತ್ತಾ ಬಂದಿದ್ದಾರೆ. ಅಲ್ಲಿನ ಸಿತಾರ್, ತಾನ್‌ಪುರಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ತಂತಿಯೊಂದೇ ಮಿಡಿದರೆ ದನಿ ಎಳೆಯಷ್ಟು. ತಂತಿಯ ಕಂಪನ ಕುದುರೆಯ ಮೂಲಕ ಮರದ ಹಲಗೆಗೂ ಸೋರೆಯ ಬುರುಡೆಗೂ ಇಳಿದು ಹೆಚ್ಚು ಗಾಳಿಯನ್ನು ಅಲುಗಿಸಿದಾಗ ಕೋಣೆ ತುಂಬುತ್ತದೆ. ಸ್ಪೀಕರಿನ ಡಬ್ಬಿ ಕೆಲಸ ಮಾಡುವ ರೀತಿ ಬೇರೆ, ಆದರೆ ಎರಡರಲ್ಲೂ ದನಿಗೆ ಮನೆ ಬೇಕೆಂಬುದು ಒಂದೇ.

ನಮಗೆ ಸಿಕ್ಕಿದ್ದು ಹಳೆಯ ಪ್ಲೈವುಡ್ ಪೆಟ್ಟಿಗೆ. ಅದು ಸಿಗದಿದ್ದರೆ ಸ್ಪೀಕರಿನ ಅಳತೆಯ ಬಾಯಿರುವ ಮಣ್ಣಿನ ಗಡಿಗೆಯೂ ಆದೀತು. ಅಂಚಿನ ಸಂದಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಮುಚ್ಚಿದೆವು. ಬಿಗಿದು ಕೂಡಿಸಿದಾಗ ಅದೇ ಸ್ಪೀಕರು, ಅದೇ ಸೆಲ್ಲು, ದನಿ ಮಾತ್ರ ಪಕ್ಕದ ತರಗತಿಯವರು ಇಣುಕಿ ನೋಡುವಷ್ಟು!

ಮಾಡಿ ನೋಡುವವರಿಗೆ

ದನಿ ಹುಟ್ಟಿಸಲು 555 ಐ.ಸಿ. ಬಳಸಿದೆವು. 1970ರ ದಶಕದ ಆರಂಭದಲ್ಲಿ ಬಂದ ಈ ಎಂಟು ಕಾಲಿನ ಐ.ಸಿ. ಇಂದಿಗೂ ಅಗ್ಗವಾಗಿ ಸಿಗುತ್ತದೆ. ಇದರ ಆವೃತ್ತಿ ಲೆಕ್ಕ ಹಾಕುವುದು ಸುಲಭ. ಎರಡನೆಯ ರೆಸಿಸ್ಟರನ್ನು ಇಮ್ಮಡಿ ಮಾಡಿ ಮೊದಲನೆಯದಕ್ಕೆ ಕೂಡಿಸಿ, ಕೆಪ್ಯಾಸಿಟರಿನ ಬೆಲೆಯಿಂದ ಗುಣಿಸಿ, ಬಂದದ್ದರಿಂದ 1.44ನ್ನು ಭಾಗಿಸಿ. ಮೊದಲ ರೆಸಿಸ್ಟರ್ 8.2 ಕಿಲೊಓಮ್, ಎರಡನೆಯದು 10 ಕಿಲೊಓಮ್, ಕೆಪ್ಯಾಸಿಟರ್ 0.1 ಮೈಕ್ರೊಫ್ಯಾರಡ್ ಆದರೆ ಸುಮಾರು 510 ಹರ್ಟ್ಸ್ ಬರುತ್ತದೆ.

ದನಿ ಹಿಗ್ಗಿಸಲು ಎಲ್‌ಎಂ 386 ಐ.ಸಿ. 555ರ ದನಿಯನ್ನು ನೇರವಾಗಿ ಅದಕ್ಕೆ ಕೊಡಬಾರದು. 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, 220 ಕಿಲೊಓಮ್ ರೆಸಿಸ್ಟರ್, 10 ಕಿಲೊಓಮ್ ವಾಲ್ಯೂಮ್ ಕಂಟ್ರೋಲ್ ದಾಟಿಸಿ ಕುಗ್ಗಿಸಿ ಕೊಡಬೇಕು. ಸ್ಪೀಕರಿಗೆ ಹೋಗುವ ದಾರಿಯಲ್ಲಿ 220 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್. ಶಕ್ತಿಗೆ ಆರು ಸೆಲ್ಲು, ಒಟ್ಟು 9 ವೋಲ್ಟ್. ಎರಡೂ ಐ.ಸಿ.ಗಳಿಗೆ ಸಾಕೆಟ್ ಹಾಕಿ. ಬೆಸುಗೆಯ ಬಿಸಿಗೆ ಐ.ಸಿ. ಸುಡುವುದು ತಪ್ಪುತ್ತದೆ, ಮುಂದಿನ ವರ್ಷ ಬೇರೆ ಪ್ರಯೋಗಕ್ಕೂ ಬರುತ್ತದೆ.

ಮೊದಲು ಇದನ್ನು ಸದಾ ಚಾಲೂ ಇಟ್ಟಿದ್ದೆವು. ಒಂದು ವಾರದೊಳಗೆ ಸೆಲ್ಲುಗಳು ಸತ್ತವು. ಸುಮ್ಮನಿದ್ದಾಗಲೂ ಐ.ಸಿ.ಗಳು ಕರೆಂಟು ಕುಡಿಯುತ್ತಲೇ ಇರುತ್ತವಲ್ಲ! ಆದ್ದರಿಂದ ನೀರು ತಾಗಿದಾಗ ಎರಡು ಬಿಸಿ 547 ಟ್ರಾನ್ಸಿಸ್ಟರುಗಳು ಒಂದು ಪುಟ್ಟ ರಿಲೇಯನ್ನು ಎಳೆದು, ಆಗ ಮಾತ್ರ ಸೆಲ್ಲಿನ ಕರೆಂಟು ಹರಿಯುವಂತೆ ಬದಲಿಸಿದೆವು. ರಿಲೇಯ ಸುರುಳಿಗೆ ಅಡ್ಡಲಾಗಿ 1ಎನ್ 4007 ಡಯೋಡು ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಟ್ರಾನ್ಸಿಸ್ಟರು ಹೋಗುತ್ತದೆ. ಹಳೆಯ ಸ್ಟೆಬಿಲೈಸರಿನ ರಿಲೇಗಳು ಹೆಚ್ಚಾಗಿ 12 ವೋಲ್ಟಿನವು. 9 ವೋಲ್ಟಿನದನ್ನು ಕೇಳಿ ತನ್ನಿ.

ನೀರಿಗೆ ತಾಗುವ ತಂತಿಗಳು ತಾಮ್ರದವಾದರೆ ಬೇಗ ತಿಂದುಹೋಗುತ್ತವೆ. ಹುಡುಗ ಎರಡು ಸ್ಟೀಲ್ ಚಮಚದ ಹಿಡಿಗಳನ್ನು ಬಳಸಿದ. ಅವನ ತಾಯಿಗೆ ಇದು ತಿಳಿದದ್ದು ಆಮೇಲೆ. ಮಳೆಯ ಹನಿ ತಾಗದಂತೆ ಅವನ್ನು ಕೆಳಗೆ ಬಾಯಿ, ಮೇಲೆ ಗಾಳಿಗೆ ಸಣ್ಣ ತೂತು ಇರುವ ಪ್ಲಾಸ್ಟಿಕ್ ಪೈಪಿನೊಳಗೆ ಕೂಡಿಸಿ ಹಿತ್ತಲಿನ ತಗ್ಗಿನಲ್ಲಿ ನಿಲ್ಲಿಸಿದೆವು.

ರಾತ್ರಿಯ ಪರೀಕ್ಷೆ

ಪ್ರದರ್ಶನದಲ್ಲಿ ಅವನಿಗೆ ಬಹುಮಾನ ಬರಲಿಲ್ಲ. ಪಕ್ಕದ ಮೇಜಿನಲ್ಲಿ ಬಣ್ಣಬಣ್ಣದ ದೀಪಗಳ ಮಾದರಿ ಇತ್ತು, ಜನ ಅಲ್ಲೇ ಮುತ್ತಿದ್ದರು. ಆದರೆ ನಿಜವಾದ ಪರೀಕ್ಷೆ ಮುಗಿದಿರಲಿಲ್ಲ.

ಮೃಗಶಿರಾ ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಎರಡು ಗಂಟೆಗೆ ಹುಡುಗ ಸದ್ದಿಲ್ಲದೆ ಹಿತ್ತಲಿಗೆ ಹೋಗಿ ಪೈಪಿನ ಬುಡಕ್ಕೆ ನೀರು ತುಂಬಿದ ಬಕೀಟು ಹಿಡಿದನಂತೆ. ಪಡಸಾಲೆಯಲ್ಲಿ ಗಂಟೆ ಕೂಗಿತು. ಅಜ್ಜಿ ಎದ್ದು ಕೂತವರು ನೇರ ಎಮ್ಮೆಯ ಹತ್ತಿರ ಹೋಗಿ ಕಣ್ಣಿಗೆ ಕೈ ಹಾಕಿದರು. ಆಮೇಲೆ ಮೊಮ್ಮಗ ಬಕೀಟು ಹಿಡಿದು ನಿಂತದ್ದು ಕಂಡು ಓಣಿಯೆಲ್ಲ ಏಳುವಂತೆ ಬೈದರು. ಮರುದಿನ ಶಾಲೆಯಲ್ಲಿ ಹುಡುಗ ಹೇಳಿದ: "ಬೈಗಳಾನೂ ಗಂಟಿಗಿಂತ ಜೋರ ಇದ್ದೂರಿ ಸರ!" ಆ ವಾರ ಅವನ ತಂದೆ ಅಥಣಿಗೆ ಹೋಗಿ ಮೆಕ್ಯಾನಿಕರಿಗೆ ಸುದ್ದಿ ಮುಟ್ಟಿಸಿ ಬಂದರು.

ಒಂದು ಮಾತು ಸ್ಪಷ್ಟವಾಗಿರಲಿ. ಮನೆಯಲ್ಲಿ ಮಾಡಿದ ಗಂಟೆ ಸರಕಾರದ ಎಚ್ಚರಿಕೆಗೆ ಬದಲಿಯಲ್ಲ. ಊರು ಬಿಡಿರೆಂದು ಡಂಗುರ ಸಾರಿದಾಗ ಗಂಟೆ ಕೂಗಲಿಲ್ಲವೆಂದು ಕೂಡಬಾರದು. ಅದು ಎರಡನೆಯ ಕಾವಲುಗಾರ ಅಷ್ಟೇ. ಆ ಕಾವಲುಗಾರನನ್ನೂ ಆಗಾಗ ಎಬ್ಬಿಸಿ ನೋಡಬೇಕು. ಹುಡುಗ ಈಗ ಮಳೆಗಾಲದಲ್ಲಿ ಪ್ರತಿ ರವಿವಾರ ಒಂದು ಬಕೀಟು ನೀರು ಹಿಡಿದು ಪರೀಕ್ಷಿಸುತ್ತಾನೆ, ಹಗಲು ಹೊತ್ತಿನಲ್ಲಿ!

ಪಾಲಕರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಮಗ ಅಥವಾ ಮಗಳು ಸತ್ತ ರೇಡಿಯೊ ಕೇಳಿದಾಗ 'ಅದನ್ನ್ಯಾಕ ಬಿಚ್ಚತಿ' ಎಂದು ಗದರಿಸಬೇಡಿ. ಪ್ಲಗ್ ಕಿತ್ತು, ಪಕ್ಕದಲ್ಲಿ ಕೂತು, ಒಟ್ಟಿಗೆ ಬಿಚ್ಚಿ. ಪೇಟೆಗೆ ಹೋಗುವಾಗ ಅವರ ಚೀಟಿಯನ್ನು ಕಿಸೆಯಲ್ಲಿ ಹಾಕಿಕೊಳ್ಳಿ. ಊರಿನ ಹಳೆಯ ಮೆಕ್ಯಾನಿಕರ ಅಂಗಡಿಗೆ ಒಮ್ಮೆ ಕರೆದೊಯ್ಯಿರಿ. ಆ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. ಸಾಮಾನನ್ನು ನಾಳೆ ಎಲ್ಲಿಂದಲಾದರೂ ತರಿಸಬಹುದು. ಸೆಲ್ಲು ತಾಗಿಸಿ 'ಟಕ್' ಎನಿಸಿ ತೋರಿಸುವ ಕೈಯನ್ನು ತರಿಸಲಾಗದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ಯಂತ್ರ ನಿಮ್ಮ ಕಿವಿಗೆ ಕೇಳಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಯಾರಿಗಾಗಿ ಮಾಡಿದ್ದೀರೋ ಅವರಿಗೆ ಕೇಳಿತೇ ಎಂದು ಹೋಗಿ ಕೇಳಿ.